ಒಂದು ದಿನ ಕೆರೆ ದಂಡ್ಯಾಗ



ಕೆರೆ ಅಂದ ಕೂಡಲೇ ನಮಗೆ ಏನು ನೆನಪಾಗುತ್ತದೆ? ಕೊಡ ನೆನಪಾಗುತ್ತದೆ. ಅರಿಬಿ ಗಂಟು ನೆನಪಾಗುತ್ತದೆ. ಎಮ್ಮೆ ಮೈ ತೊಳೆಯುವುದು ನೆನಪಾಗುತ್ತದೆ. ನಮಗೆ ಕೆರೆ ಅಂದರೆ ಕೆಲಸ. ಹೊಳೆ ಅಂದರೂ ಕೆಲಸ.

ಗಂಡಸರಿಗೆ ಹಾಗಲ್ಲ. ಅವರು ಕೆರೆಯಲ್ಲಿ ಈಜುತ್ತಾರೆ. ಗಾಳ ಹಾಕುತ್ತಾರೆ. ದಂಡೆಯ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಸಂಜೆ ತಂಪು ಗಾಳಿ ತಗೊಂಡು ಮನೆಗೆ ಬರುತ್ತಾರೆ.

ನೀರು ಒಂದೇ. ದಂಡೆ ಒಂದೇ. ನಮಗೆ ಮಾತ್ರ ಅಲ್ಲಿ ಕೂಡಲಿಕ್ಕೆ ಪುರುಸೊತ್ತು ಇಲ್ಲ.

ಈ ಪಾಠದಲ್ಲಿ ನಾವು ಕೆರೆಗೆ ಹೋಗೋಣ. ಕೊಡ ಹೊತ್ತುಕೊಂಡು ಅಲ್ಲ, ಬುತ್ತಿ ಕಟ್ಟಿಕೊಂಡು. ಎಲ್ಲಿಗೆ ಹೋಗಬೇಕು, ಹ್ಯಾಂಗ ಹೋಗಬೇಕು, ಏನು ನೋಡಬೇಕು, ಏನು ಜೋಪಾನ ಮಾಡಬೇಕು ಎಂದು ತಿಳಿಯೋಣ.

ಇದು ಹೊಸ ಮಾತಲ್ಲ

"ಕೆರಿ ನೋಡಾಕ ಹೋಗೂದು ಪ್ಯಾಟಿ ಮಂದಿ ಚಟಾ" ಎಂದು ಕೆಲವರು ಹೇಳುತ್ತಾರೆ. ಅದು ಖರೆ ಅಲ್ಲ. ಸಂಕ್ರಾಂತಿ ದಿನ ನಾವು ಏನು ಮಾಡುತ್ತೇವೆ? ಎಳ್ಳು ಹಚ್ಚಿಕೊಂಡು ಹೊಳೆಗೆ ಹೋಗಿ ಜಳಕ ಮಾಡುತ್ತೇವೆ. ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುತ್ತೇವೆ. ದಂಡೆಯ ಮೇಲೆ ಎಲ್ಲರೂ ಕೂಡಿ ಉಣ್ಣುತ್ತೇವೆ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಕೆರೆ ತುಂಬಿದರೆ ಗಂಗವ್ವನ ಉಡಿ ತುಂಬುತ್ತೇವೆ.

ಮನೆ ಬಿಟ್ಟು ನೀರಿನ ಹತ್ತಿರ ಹೋಗಿ ಒಂದು ಹೊತ್ತು ಸಂತೋಷವಾಗಿ ಇರುವುದನ್ನು ನಮ್ಮ ಅವ್ವ, ಅಜ್ಜಿಯರೇ ನಮಗೆ ಕಲಿಸಿದ್ದಾರೆ. ವರ್ಷಕ್ಕೆ ಒಂದೇ ದಿನ ಯಾಕೆ? ಇನ್ನೂ ಒಂದು ದಿನ ಹೋಗಬಹುದು.

ದ್ರಾಕ್ಷಿ ನಾಡಿನ ಹಾದಿ

ನಮ್ಮ ಅಂಕಲಿ ಕೃಷ್ಣಾ ತೀರದ ಊರು. ಸುತ್ತಲೂ ಕಬ್ಬು. ಎತ್ತ ನೋಡಿದರೂ ಹಸಿರು. ಆದರೆ ಇಲ್ಲಿಂದ ಮೂಡಣಕ್ಕೆ ಹೋದಂತೆ ನೆಲ ಬದಲಾಗುತ್ತದೆ. ಅಥಣಿ ದಾಟಿ ತಿಕೋಟಾ ಕಡೆ ಹೋಗಿ ನೋಡಿ. ಮಳೆ ಕಡಿಮೆ. ಬಿಸಿಲು ಹೆಚ್ಚು. ಗಾಳಿ ಒಣಗಾಳಿ. ಅಲ್ಲಿ ಕಲ್ಲುಗಂಬ, ಕಬ್ಬಿಣದ ಗೂಟ ನೆಟ್ಟು, ತಂತಿ ಕಟ್ಟಿ, ಅದರ ಮೇಲೆ ಬಳ್ಳಿ ಹಬ್ಬಿಸಿರುತ್ತಾರೆ. ಅದೇ ದ್ರಾಕ್ಷಿ ತೋಟ.

ದ್ರಾಕ್ಷಿಗೆ ಒಣ ಹವೆ ಒಗ್ಗುತ್ತದೆ. ಹಣ್ಣಾಗುವಾಗ ಮಳೆ ಬಂದರೆ ಕಾಳು ಒಡೆಯುತ್ತದೆ, ಕೊಳೆಯುತ್ತದೆ. ಆದ್ದರಿಂದ ವಿಜಯಪುರ ಜಿಲ್ಲೆ ಮತ್ತು ನಮ್ಮ ಅಥಣಿ ಭಾಗ ದ್ರಾಕ್ಷಿಗೆ ಹೆಸರಾಗಿವೆ. ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ. ಚಾಟ್ನಿ ಅಂದರೆ ಕಡ್ಡಿ ಕತ್ತರಿಸುವುದು. ಒಂದು ಏಪ್ರಿಲ್ ಸುಮಾರಿಗೆ, ಇನ್ನೊಂದು ಅಕ್ಟೋಬರ್ ಸುಮಾರಿಗೆ. ಅಕ್ಟೋಬರ್ ಚಾಟ್ನಿಯ ನಂತರ ಗೊನೆ ಬರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಹಣ್ಣು ಕೊಯ್ಯುತ್ತಾರೆ.

ಕೊಯ್ದ ಹಣ್ಣು ಮೂರು ದಾರಿ ಹಿಡಿಯುತ್ತದೆ. ಒಂದಿಷ್ಟು ತಿನ್ನಲಿಕ್ಕೆ ಪ್ಯಾಟಿಗೆ ಹೋಗುತ್ತದೆ. ಬಹಳಷ್ಟು ಒಣದ್ರಾಕ್ಷಿ ಆಗುತ್ತದೆ. ಹಣ್ಣನ್ನು ಒಂದು ದ್ರಾವಣದಲ್ಲಿ ಅದ್ದಿ, ಶೆಡ್ಡಿನೊಳಗೆ ಬಲೆಯ ಮೇಲೆ ಹರವುತ್ತಾರೆ. ಎರಡು ವಾರದ ಸುಮಾರಿಗೆ ಅದು ನೆರಳಿನಲ್ಲೇ ಒಣಗುತ್ತದೆ. ಉಳಿದ ಸ್ವಲ್ಪ ಭಾಗ ವೈನ್ ಮಾಡಲಿಕ್ಕೆ ಹೋಗುತ್ತದೆ. ವೈನ್ ಅಂದರೆ ಹುದುಗಿಸಿದ ದ್ರಾಕ್ಷಿ ರಸ. 2007ರಲ್ಲಿ ಕರ್ನಾಟಕ ಸರ್ಕಾರ ಇದಕ್ಕೆಂದೇ ಒಂದು ನೀತಿ ತಂದಿತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕೃಷ್ಣಾ ಕಣಿವೆಯನ್ನು ವೈನ್ ದ್ರಾಕ್ಷಿಯ ಒಂದು ಸೀಮೆ ಎಂದು ಗುರುತಿಸಿತು.

ಈ ತೋಟಗಳಲ್ಲಿ ಗೊನೆ ತಿದ್ದುವವರು ಯಾರು? ಹಣ್ಣು ಕೊಯ್ಯುವವರು ಯಾರು? ಒಣದ್ರಾಕ್ಷಿ ಆರಿಸಿ ಕಡ್ಡಿ ತೆಗೆಯುವವರು ಯಾರು? ಹೆಚ್ಚಾಗಿ ಹೆಂಗಸರೇ. ಬೆಳಗಿನಿಂದ ಸಂಜೆ ತನಕ ಕೈ ಮೇಲೆತ್ತಿ ನಿಂತು ದುಡಿಯುತ್ತಾರೆ. ಪಕ್ಕದಲ್ಲೇ ಕೆರೆ ಇದ್ದರೂ ಅದರ ದಂಡೆಗೆ ಹೋಗಿ ಕೂತಿರುವುದಿಲ್ಲ.

ಅರಸ ಕಟ್ಟಿಸಿದ ಕೆರೆ

ಗೋಳಗುಮ್ಮಟ ಎಲ್ಲರಿಗೂ ಗೊತ್ತು. ಅದು ಮಹಮ್ಮದ್ ಆದಿಲ್ ಶಾಹನ ಗೋರಿ. ಅವನು 1627ರಿಂದ 1656ರ ತನಕ ವಿಜಯಪುರವನ್ನು ಆಳಿದನು. ಅವನು ಗುಮ್ಮಟ ಮಾತ್ರ ಕಟ್ಟಿಸಲಿಲ್ಲ, ಕೆರೆಗಳನ್ನೂ ಕಟ್ಟಿಸಿದನು.

ವಿಜಯಪುರ ಊರಿನ ತೆಂಕಣ ದಿಕ್ಕಿಗೆ ಬೇಗಂ ತಲಾಬ್ ಇದೆ. ತಲಾಬ್ ಅಂದರೆ ಕೆರೆ. 1651ರಲ್ಲಿ ಕಟ್ಟಿಸಿದ್ದು. ಜಹಾನ್ ಬೇಗಂ ಎಂಬ ರಾಣಿಯ ಹೆಸರಿನಲ್ಲಿ ಕಟ್ಟಿಸಿದ್ದು ಎನ್ನುತ್ತಾರೆ. ಈ ಕೆರೆಯ ನೀರನ್ನು ಊರಿಗೆ ಹ್ಯಾಂಗ ಒಯ್ದರು ಗೊತ್ತೇನು? ಆಗ ಕಬ್ಬಿಣದ ಪೈಪು ಇರಲಿಲ್ಲ. ಸುಟ್ಟ ಮಣ್ಣಿನ ಕೊಳವೆ ಮಾಡಿದರು. ಅದರ ಸುತ್ತ ಗಚ್ಚು ಹಾಕಿ ನೆಲದೊಳಗೆ ಹುಗಿದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದಲ್ಲ? ಅದಕ್ಕೆ ನಡುನಡುವೆ ಎತ್ತರದ ಕಲ್ಲು ಗೋಪುರ ಕಟ್ಟಿದರು. ಅವುಗಳಿಗೆ ಗಂಜ್ ಎಂದು ಹೆಸರು. ವಿಜಯಪುರದಲ್ಲಿ ಇಂಥ ಗಂಜ್ ಈಗಲೂ ನೋಡಲಿಕ್ಕೆ ಸಿಗುತ್ತವೆ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ನಾಡಿನ ಕೆಲಸಗಾರರಿಗೆ ಇಷ್ಟು ತಿಳಿದಿತ್ತು.

ಇನ್ನೊಂದು ಕೆರೆ ಮಮದಾಪುರದ್ದು. ಬಬಲೇಶ್ವರದ ಕಡೆ ಬರುತ್ತದೆ. ಇದೂ ಅದೇ ಅರಸನ ಕಾಲದ್ದು. ಮಹಮ್ಮದ್ ಎಂಬ ಅವನ ಹೆಸರೇ ಜನರ ಬಾಯಲ್ಲಿ ಮಮದಾಪುರ ಆಯಿತು. ಇದು ದೊಡ್ಡ ಕೆರೆ. ತುಂಬಿದಾಗ ಆಚೆ ದಂಡೆಯ ಗಿಡಗಳು ಗೆರೆ ಎಳೆದಂತೆ ಕಾಣುತ್ತವೆ.

ನಮ್ಮ ಹೊಳೆ ಅಲ್ಲಿ ಹೋಗೈತಿ

ಹಳೆಯ ಕೆರೆಗಳು ಎಷ್ಟೋ ವರ್ಷ ಬತ್ತಿ ಬಿರುಕು ಬಿಟ್ಟಿದ್ದವು. ಆ ಭಾಗದ ದ್ರಾಕ್ಷಿ ರೈತರು ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರು ತಂದು ಬಳ್ಳಿ ಉಳಿಸಿಕೊಳ್ಳಬೇಕಾಗಿತ್ತು. 2010ರ ನಂತರದ ವರ್ಷಗಳಲ್ಲಿ ಏತ ನೀರಾವರಿ ಕೆಲಸ ಜೋರಾಗಿ ನಡೆಯಿತು. ಏತ ನೀರಾವರಿ ಅಂದರೆ ತಗ್ಗಿನಲ್ಲಿ ಹರಿಯುವ ನದಿಯಿಂದ ಪಂಪಿನ ಮೂಲಕ ನೀರನ್ನು ಎತ್ತರದ ನೆಲಕ್ಕೆ ಒಯ್ಯುವುದು. ತುಬಚಿ–ಬಬಲೇಶ್ವರ ಯೋಜನೆ, ಮುಳವಾಡ ಯೋಜನೆ ಇಂಥವು. ಇವುಗಳಿಂದ ಕೃಷ್ಣೆಯ ನೀರು ವಿಜಯಪುರ ಜಿಲ್ಲೆಯ ಅನೇಕ ಕೆರೆಗಳಿಗೆ ಬಂತು.

ಇಲ್ಲಿ ಒಂದು ವಿಚಾರ ಮಾಡಿ. ಕೃಷ್ಣೆ ಎಲ್ಲಿಂದ ಬರುತ್ತಾಳೆ? ಮಹಾರಾಷ್ಟ್ರದಿಂದ ಇಳಿದು, ನಮ್ಮ ಅಂಕಲಿ ದಂಡೆ ಮುಟ್ಟಿ, ಮುಂದೆ ಜಮಖಂಡಿ ಕಡೆ ಹೋಗುತ್ತಾಳೆ. ಅಂದರೆ ಇಲ್ಲಿ ನಾವು ಅರಿಬಿ ಒಗೆದ ಹೊಳೆಯ ನೀರೇ ಅಲ್ಲಿ ಕೆರೆ ತುಂಬುತ್ತದೆ. ನಾವು ಇಲ್ಲಿ ಹೊಳೆಗೆ ಒಗೆದ ಪ್ಲಾಸ್ಟಿಕ್, ಸೇರಿಸಿದ ಹೊಲಸು ಕೂಡ ಕೆಳಗಿನ ಊರಿಗೇ ಹೋಗುತ್ತದೆ. ಹೊಳೆ ಒಂದು ಊರಿನದಲ್ಲ.

ಸಮೀಪದ ನೀರು

ವಿಜಯಪುರ ದೂರ ಆಯಿತೇ? ಹತ್ತಿರವೂ ಇವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ಆಣೆಕಟ್ಟು ಇದೆ. ಅದಕ್ಕೆ ರಾಜಾ ಲಖಮಗೌಡ ಜಲಾಶಯ ಎಂದು ಹೆಸರು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಅದೇ ನದಿಗೆ ಬ್ರಿಟಿಷರ ಕಾಲದ ಒಡ್ಡು ಇದೆ. ಅಲ್ಲಿನ ಹಿನ್ನೀರು ಪಕ್ಷಿಧಾಮ. 1974ರಲ್ಲಿ ಹಾಗೆಂದು ಸಾರಿದರು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿಗೆ ಬರುತ್ತವೆ. ಕೊಲ್ಹಾಪುರದ ರಂಕಾಳ ಕೆರೆಯನ್ನೂ ನಮ್ಮ ಭಾಗದ ಜನ ನೋಡಿರುತ್ತಾರೆ.

ಹಕ್ಕಿಗಳ ಸುದ್ದಿ ಬಂತು. ಒಂದು ಬೆರಗಿನ ಮಾತು ಕೇಳಿ. ಗದಗ ಜಿಲ್ಲೆಯ ಮಾಗಡಿ ಎಂಬ ಸಣ್ಣ ಊರಿನ ಕೆರೆಗೆ ಪ್ರತಿ ಚಳಿಗಾಲ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಂಥ ದೂರದೇಶದಿಂದ ಹಿಮಾಲಯ ಪರ್ವತ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆಯನ್ನು ಜಗತ್ತಿನ ಮಹತ್ವದ ನೀರಿನ ತಾಣಗಳ ಪಟ್ಟಿಗೆ ಸೇರಿಸಿದರು. ಹಕ್ಕಿ ಹಿಮಾಲಯ ದಾಟಿ ಕೆರೆ ನೋಡಲಿಕ್ಕೆ ಬರುತ್ತದೆ. ನಾವು ಅಥಣಿ ದಾಟಲಿಕ್ಕೆ ಯಾಕೆ ಅಂಜಬೇಕು?

ಕೆರೆಯನ್ನು ಓದೋಣ

ನಾವು ಅಕ್ಷರ ಓದಲು ಕಲಿತೆವು. ಕೆರೆಯನ್ನೂ ಓದಬಹುದು. ಹೋದಾಗ ಈ ಮೂರನ್ನು ಹುಡುಕಿ.

ಏರಿ: ನೀರನ್ನು ತಡೆದು ನಿಲ್ಲಿಸಿದ ಒಡ್ಡು. ಮಣ್ಣು, ಕಲ್ಲಿನದು.

ತೂಬು: ಏರಿಯ ಕೆಳಗಿನ ಕಿಂಡಿ. ಹೊಲಕ್ಕೆ ಬೇಕಾದಷ್ಟು ನೀರನ್ನು ಇಲ್ಲಿಂದ ಬಿಡುತ್ತಾರೆ.

ಕೋಡಿ: ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ. ಕೋಡಿ ಇಲ್ಲದಿದ್ದರೆ ನೀರು ಏರಿಯನ್ನೇ ಒಡೆಯುತ್ತದೆ.

ದಂಡೆಯಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ ಕಾಣುತ್ತವೆ. ನೀರುಕಾಗೆ ಮುಳುಗಿ ಎದ್ದು, ಕಲ್ಲಿನ ಮೇಲೆ ಕೂತು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಅರಿಬಿ ಒಣಹಾಕಿದ ಹಾಗೆ! ಮಕ್ಕಳಿಗೆ ತೋರಿಸಿ.

ಫಲಕಗಳನ್ನು ತಪ್ಪದೆ ಓದಿ. "ಆಳವಿದೆ", "ಅಪಾಯ", "ಈಜುವುದನ್ನು ನಿಷೇಧಿಸಲಾಗಿದೆ" ಎಂದು ಬರೆದಿರುತ್ತಾರೆ. ಓದು ಬಾರದಿದ್ದಾಗ ಇವು ನಮಗೆ ಬರೀ ತಗಡು. ಈಗ ಅವು ನಮ್ಮ ಜೀವ ಕಾಯುವ ಮಾತು.

ಯಾವಾಗ? ಹ್ಯಾಂಗ? ಖರ್ಚು ಎಷ್ಟು?

ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಕೆರೆಯಲ್ಲಿ ನೀರು ಇರುತ್ತದೆ. ಬಿಸಿಲು ಹಗುರ. ತೋಟದಲ್ಲಿ ಗೊನೆ ತೂಗುತ್ತಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿಯುತ್ತದೆ, ಬಿಸಿಲು ಸುಡುತ್ತದೆ. ಮಳೆಗಾಲದಲ್ಲಿ ಹೊಳೆ, ಆಣೆಕಟ್ಟು ಬೇಡ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರವನ್ನು ಕೃಷ್ಣಾ ತೀರದ ನಾವು ಮರೆಯುವ ಹಾಗಿಲ್ಲ.

ಬಸ್ಸಿನ ಖರ್ಚಿನ ಚಿಂತೆ ಈಗ ಕಡಿಮೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಮ್ಮ ರಾಜ್ಯದ ಹೆಂಗಸರು ಸರ್ಕಾರಿ ಸಾದಾ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೇಟಿನ ಹಣ ಕೊಡಬೇಕಿಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೇಟು ಪಡೆಯಬೇಕು. ಐಷಾರಾಮಿ ಬಸ್ಸಿಗೆ ಇದು ನಡೆಯುವುದಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೂ ನಡೆಯುವುದಿಲ್ಲ. ಕೊಲ್ಹಾಪುರಕ್ಕೆ ಹೋಗುವವರು ಇದನ್ನು ನೆನಪಿಡಬೇಕು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೇಟು ಇದೆ.

ಬೇಗಂ ತಲಾಬಿಗೆ ಹೋಗುವುದಾದರೆ ಮೊದಲು ಅಥಣಿ, ಅಲ್ಲಿಂದ ತಿಕೋಟಾ ಮೇಲೆ ವಿಜಯಪುರ. ಬಸ್ಸಿನ ಫಲಕ ನಾವೇ ಓದಿ ಹತ್ತೋಣ. ವಿಜಯಪುರದಲ್ಲಿ ಇಳಿದು ಆಟೋ ಹಿಡಿಯಬೇಕು. ಹಾದಿ ದೂರ. ಅದಕ್ಕೆ ಕೋಳಿ ಕೂಗುವ ಹೊತ್ತಿಗೆ ಹೊರಡಬೇಕು. ಮರಳಿ ಬರುವ ಕಡೆಯ ಬಸ್ಸು ಎಷ್ಟು ಗಂಟೆಗೆ ಎಂದು ಇಳಿದ ಕೂಡಲೇ ಕೇಳಿ, ಬರೆದುಕೊಳ್ಳಬೇಕು.

ಉಳಿದ ಖರ್ಚಿಗೆ ಸಂಘದಲ್ಲಿ ಉಳಿತಾಯ ಮಾಡೋಣ. ಲೆಕ್ಕ ನೋಡಿ.

ಸಂಘದ ಸದಸ್ಯರು 20 ಮಂದಿ.
ಒಬ್ಬೊಬ್ಬರು ವಾರಕ್ಕೆ ಕೊಡುವುದು 10 ರೂಪಾಯಿ.
ಒಂದು ವಾರಕ್ಕೆ ಆಗುವುದು 200 ರೂಪಾಯಿ.
12 ವಾರಕ್ಕೆ ಆಗುವುದು 2,400 ರೂಪಾಯಿ.

ಮೂರು ತಿಂಗಳಿಗೆ ಆಟೋ, ಚಹಾ, ಮಕ್ಕಳ ತಿನಿಸಿಗೆ ಒಂದು ಗಂಟು ಆಯಿತು. ಖರ್ಚನ್ನು ಒಬ್ಬಾಕಿ ಬರೆಯಬೇಕು. ಇನ್ನೊಬ್ಬಾಕಿ ಓದಿ ಹೇಳಬೇಕು.

ಬುತ್ತಿಯಲ್ಲಿ ಕೆಡದಂಥದ್ದು ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಣ ಪಲ್ಯ ಸಾಕು. ಕುಡಿಯುವ ನೀರು ಮನೆಯಿಂದಲೇ ಬೇಕು. ಕೆರೆಯ ನೀರು ಕುಡಿಯಬಾರದು. ಮುಟ್ಟಿನ ದಿನ ಇದ್ದರೆ ಬೇಕಾದ ಬಟ್ಟೆ ಜೊತೆಗಿರಲಿ, ನಾಚಿಕೆ ಬೇಡ. ಬಸ್ ನಿಲ್ದಾಣದಲ್ಲೇ ಶೌಚಕ್ಕೆ ಹೋಗಿ ಬನ್ನಿ. ಕೆರೆ ಹತ್ತಿರ ಅನುಕೂಲ ಇರುತ್ತದೆ ಎಂದು ನಂಬಬೇಡಿ.

ತೋಟದ ಹತ್ತಿರ

ಹಾದಿಯಲ್ಲಿ ದ್ರಾಕ್ಷಿ ತೋಟ ನೋಡುವ ಆಸೆ ಆಗುತ್ತದೆ. ತೋಟದವರನ್ನು ಕೇಳಿಯೇ ಒಳಗೆ ಹೋಗಬೇಕು. ಔಷಧ ಹೊಡೆಯುತ್ತಿದ್ದರೆ ಆ ಕಡೆ ಸುಳಿಯಬಾರದು. ದ್ರಾಕ್ಷಿಗೆ ರೋಗ ಬಾರದಂತೆ ಪದೇ ಪದೇ ಔಷಧ ಹೊಡೆಯುತ್ತಾರೆ. ಅದು ಹೊಟ್ಟೆಗೆ ಹೋದರೆ, ಉಸಿರಿನಲ್ಲಿ ಹೋದರೆ ವಿಷ. ಬಸುರಿಯರು, ಕೂಸುಗಳು ದೂರವೇ ಇರಬೇಕು. ಹಣ್ಣು ಕೊಟ್ಟರೆ ಮನೆಯಿಂದ ತಂದ ನೀರಿನಲ್ಲಿ ಚೆನ್ನಾಗಿ ತೊಳೆದು ತಿನ್ನಬೇಕು. ಔಷಧದ ಖಾಲಿ ಡಬ್ಬಿ ಬಿದ್ದಿದ್ದರೆ ಮಕ್ಕಳು ಮುಟ್ಟದಂತೆ ನೋಡಬೇಕು.

ವೈನ್ ಬಗ್ಗೆಯೂ ಒಂದು ಮಾತು. "ಅದು ಹಣ್ಣಿನ ರಸ, ಏನೂ ಆಗೂದಿಲ್ಲ" ಎಂದು ಕೆಲವರು ಹೇಳುತ್ತಾರೆ. ಅದರಲ್ಲೂ ಅಮಲು ಇದೆ. ಯಾವ ಅಮಲೇ ಇರಲಿ, ಕುಡಿದು ನೀರಿಗೆ ಇಳಿದವನಿಗೆ ಆಳ ತಿಳಿಯುವುದಿಲ್ಲ. ಕೈಕಾಲು ಮಾತು ಕೇಳುವುದಿಲ್ಲ. ದಂಡೆಯಲ್ಲಿ ಕುಡಿದವರ ಗುಂಪು ಇದ್ದರೆ ನಾವು ಬೇರೆ ಕಡೆ ಕೂಡೋಣ. ಮಕ್ಕಳ ಕಾಲಿಗೆ ಬಾಟಲಿ ಚೂರು ಚುಚ್ಚದಂತೆ ನೆಲ ನೋಡಿ ಹಾಸಿಗೆ ಹಾಸೋಣ.

ನೀರಿನ ಮುಂದೆ ಎಚ್ಚರ

ಇದು ಈ ಪಾಠದ ಬಹಳ ಮುಖ್ಯ ಭಾಗ. ಎರಡು ಸಲ ಓದಿ.

2021ನೇ ವರ್ಷ ಒಂದರಲ್ಲೇ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಸತ್ತ ನಾಲ್ವರಲ್ಲಿ ಒಬ್ಬರು 5 ವರ್ಷದೊಳಗಿನ ಮಗು. ಅದೇ 2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ನೀರಿನ ಸಾವು ತಡೆಯುವ ದಿನ ಎಂದು ಗೊತ್ತು ಮಾಡಿತು.

ನಮ್ಮ ಕಡೆ ಇದು ಹ್ಯಾಂಗ ಆಗುತ್ತದೆ? ಅವ್ವ ಅರಿಬಿ ಒಗೆಯುತ್ತಿರುತ್ತಾಳೆ. ಮಗು ಜಾರುತ್ತದೆ. ಅವ್ವ ಹಾರುತ್ತಾಳೆ. ಅವಳಿಗೆ ಈಜು ಬರುವುದಿಲ್ಲ. ಅವಳನ್ನು ಹಿಡಿಯಲು ತಂಗಿ ಇಳಿಯುತ್ತಾಳೆ. ಒಂದು ಜೀವ ಹೋಗುವಲ್ಲಿ ಮೂರು ಹೋಗುತ್ತವೆ. ಇಂಥ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ.

ಕೆರೆಯ ನೀರು ಮೇಲೆ ಶಾಂತ. ಒಳಗೆ ಹೂಳು ಇರುತ್ತದೆ. ಮಣ್ಣು ತೆಗೆದ ತಗ್ಗುಗಳು ಇರುತ್ತವೆ. ಮೊಳಕಾಲು ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳ್ಮಟ್ಟ ನೀರು ಇರಬಹುದು. ಕಲ್ಲಿನ ಮೇಲೆ ಪಾಚಿ ಇರುತ್ತದೆ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಕೆಳಗೆ ಎಳೆಯುತ್ತದೆ. ಅದಕ್ಕೆ ಈ ಮಾತು ಪಾಲಿಸಿ.

1. ಹೊರಡುವಾಗ ಮಂದಿ ಎಣಿಸಿ. ಕೆರೆ ಹತ್ತಿರ ಎಣಿಸಿ. ಮರಳುವಾಗ ಎಣಿಸಿ.
2. ಇಬ್ಬಿಬ್ಬರು ಜೋಡಿ ಮಾಡಿ. ಜೋಡಿ ಬಿಟ್ಟು ಯಾರೂ ನೀರಿನ ಕಡೆ ಹೋಗಬಾರದು.
3. ಸಣ್ಣ ಮಕ್ಕಳು ಕೈಗೆ ನಿಲುಕುವಷ್ಟು ಹತ್ತಿರ ಇರಬೇಕು. ನೋಡಿಕೊಳ್ಳುವಾಕಿ ಬೇರೆ ಕೆಲಸ ಹಿಡಿಯಬಾರದು, ಫೋನನ್ನೂ ಹಿಡಿಯಬಾರದು.
4. ಪಾದ ತೊಯ್ಯಿಸಿಕೊಳ್ಳುವುದಿದ್ದರೆ ಮೆಟ್ಟಿಲು ಇರುವಲ್ಲಿ, ಕೈ ಕೈ ಹಿಡಿದು. ಗುರುತಿಲ್ಲದ ನೀರಿಗೆ ಇಳಿಯಬಾರದು.
5. ಕೋಡಿಯ ಮೇಲೆ, ಏರಿಯ ಅಂಚಿನಲ್ಲಿ, ಆಣೆಕಟ್ಟಿನ ಗೇಟಿನ ಕೆಳಗೆ ಹೋಗಬಾರದು. ಸೈರನ್ ಕೇಳಿದರೆ ಕೂಡಲೇ ಮೇಲೆ ಬರಬೇಕು.
6. ಫೋಟೋ ತೆಗೆಸಿಕೊಳ್ಳಲು ಹಿಂದೆ ಹಿಂದೆ ಸರಿಯಬಾರದು. ಬೆನ್ನ ಹಿಂದೆ ನೀರು ಇದೆ.
7. ದೋಣಿ ಇದ್ದರೆ ತೇಲುವ ಜಾಕೀಟು ತೊಟ್ಟೇ ಹತ್ತಬೇಕು. ಹೆಚ್ಚು ಮಂದಿ ತುಂಬಿದರೆ ಹತ್ತಬಾರದು. ನಡುವೆ ಎದ್ದು ನಿಲ್ಲಬಾರದು.

ಯಾರಾದರೂ ಮುಳುಗುತ್ತಿದ್ದರೆ

ಹಾರಬೇಡಿ. ಇದು ಕಠಿಣ ಮಾತು. ಹೆತ್ತ ಕರುಳು ಕೇಳುವುದಿಲ್ಲ. ಆದರೂ ಹೇಳುತ್ತೇವೆ, ಈಜು ಬಾರದವರು ಹಾರಬೇಡಿ. ಮುಳುಗುವವರು ಹೆದರಿ ನಮ್ಮ ಕೊರಳು ಅಪ್ಪುತ್ತಾರೆ. ಇಬ್ಬರೂ ಮುಳುಗುತ್ತೇವೆ.

ಕೂಗಿ. ಮಂದಿ ಕೂಡಿಸಿ.

ಒಗೆಯಿರಿ. ನಮ್ಮ ಕೈಯಲ್ಲೇ ಎರಡು ಸಾಮಾನು ಇವೆ. ಒಂದು ಸೀರೆ. ಅದು ಉದ್ದನೆಯ ಹಗ್ಗ. ಇನ್ನೊಂದು ಖಾಲಿ ಪ್ಲಾಸ್ಟಿಕ್ ಕೊಡ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನು. ಅದು ತೇಲುತ್ತದೆ. ಸೀರೆಯ ಒಂದು ತುದಿಗೆ ಕ್ಯಾನು ಬಿಗಿಯಾಗಿ ಕಟ್ಟಿ ಒಗೆಯಿರಿ. "ಹಿಡಕೋ" ಎಂದು ಕೂಗಿ. ದಂಡೆಯಲ್ಲಿ ಬೋರಲು ಮಲಗಿ ಎಳೆಯಿರಿ. ನಿಮ್ಮ ಕಾಲನ್ನು ಇನ್ನಿಬ್ಬರು ಹಿಡಿದಿರಲಿ. ಉದ್ದನೆಯ ಕೋಲು ಇದ್ದರೆ ಅದನ್ನು ಚಾಚಿ.

ಸೆರಗಿನ ಮರ್ಯಾದೆ ಆಮೇಲೆ, ಜೀವ ಮೊದಲು.

112ಕ್ಕೆ ಅಥವಾ 108ಕ್ಕೆ ಫೋನು ಮಾಡಿ. ಎರಡಕ್ಕೂ ದುಡ್ಡು ಬೀಳುವುದಿಲ್ಲ. ಊರ ಹೆಸರು, ಕೆರೆ ಹೆಸರು ಸರಿಯಾಗಿ ಹೇಳಿ.

ಮೇಲೆ ತಂದ ನಂತರ ತಲೆ ಕೆಳಗೆ ಮಾಡಿ ತಿರುಗಿಸಬೇಡಿ. ಹೊಟ್ಟೆ ಒತ್ತಿ ನೀರು ತೆಗೆಯಬೇಡಿ. ಅದರಿಂದ ಹೊತ್ತು ಹೋಗುತ್ತದೆ. ಉಸಿರು ಇದೆಯೇ ನೋಡಿ. ಇಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಊದಿ. ಎದೆ ಏಳಬೇಕು. ಆಮೇಲೆ ಎದೆಯ ನಡುವೆ ಜೋರಾಗಿ, ಬೇಗ ಬೇಗ 30 ಸಲ ಒತ್ತಿ. ಮತ್ತೆ 2 ಸಲ ಊದಿ. ಗಾಡಿ ಬರುವ ತನಕ ಅಥವಾ ಉಸಿರು ಮರಳುವ ತನಕ ಹೀಗೇ ಮಾಡುತ್ತಿರಿ. ಇದನ್ನು ಓದಿದರೆ ಸಾಲದು. ಆರೋಗ್ಯ ಕೇಂದ್ರದ ಸಿಸ್ಟರ್ ಅವರನ್ನು ಸಂಘಕ್ಕೆ ಕರೆದು, ಕೈಯಲ್ಲಿ ಮಾಡಿ ಕಲಿಯೋಣ.

ಮಗಳೂ ಈಜಲಿ

ಹಿಂದೆ ಬಾವಿಯಲ್ಲಿ ಒಣ ಸೋರೆ ಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಯಾರಿಗೆ? ಹುಡುಗರಿಗೆ. ಹುಡುಗಿಯರನ್ನು ದಂಡೆಯ ಮೇಲೆ ನಿಲ್ಲಿಸಿದರು. ಆದರೆ ದಿನಾ ನೀರಿಗೆ ಹೋಗುವವರು ಯಾರು? ಹುಡುಗಿಯರೇ. ಕೊಡ ಅವರ ಕೈಗೆ ಕೊಟ್ಟೆವು, ಈಜು ಮಾತ್ರ ಕೊಡಲಿಲ್ಲ.

ಈಜು ನಾಚಿಕೆಯ ಕೆಲಸ ಅಲ್ಲ. ಅದು ಜೀವ ಉಳಿಸುವ ವಿದ್ಯೆ. ಬಲ್ಲವರು ಜೊತೆಗಿದ್ದು, ಆಳ ಗೊತ್ತಿರುವ ನೀರಿನಲ್ಲಿ ಕಲಿಸಬೇಕು. ಮಗ ಕಲಿಯುವಾಗ ಮಗಳೂ ಕಲಿಯಲಿ. ನಾವೂ ಕಲಿಯಬಹುದು.

"ಮಂದಿ ಏನಂತಾರ?"

ಈ ಪ್ರಶ್ನೆ ಬಂದೇ ಬರುತ್ತದೆ. "ಹೆಂಗಸರು ಊರು ಬಿಟ್ಟು ಕೆರಿ ನೋಡಾಕ ಹೊಂಟಾರಂತ" ಎಂದು ಕಟ್ಟೆಯ ಮೇಲೆ ಕೂತವರು ಅನ್ನುತ್ತಾರೆ. "ಮನೀ ಕೆಲಸ ಯಾರು ಮಾಡವರು?" ಎಂದು ಅತ್ತೆ ಕೇಳುತ್ತಾಳೆ.

ಉತ್ತರ ಜಗಳದಿಂದ ಬೇಡ. ಮೊದಲೇ ಮನೆಯಲ್ಲಿ ಕೂತು ಮಾತಾಡಿ. ದಿನ, ಹೊತ್ತು, ಜೊತೆಗೆ ಬರುವವರ ಹೆಸರು ಒಂದು ಚೀಟಿಯಲ್ಲಿ ಬರೆದು ಕೊಡಿ. ಅತ್ತೆಯನ್ನೂ ಕರೆಯಿರಿ. ಆಕೆಯೂ ಜೀವಮಾನವೆಲ್ಲ ದುಡಿದವಳೇ, ಆಕೆಗೂ ಒಂದು ದಿನ ಬೇಕು. ಆ ದಿನ ಗಂಡಸರು ಅಡುಗೆ ಮಾಡಿಕೊಳ್ಳಲಿ, ದನಕ್ಕೆ ಮೇವು ಹಾಕಲಿ. ಎತ್ತಿಗೆ ಕೂಡ ಕಾರ ಹುಣ್ಣಿಮೆ ದಿನ ನೊಗ ಇಳಿಸಿ ಮೈ ತೊಳೆದು ಶೃಂಗಾರ ಮಾಡುತ್ತೇವೆ. ದುಡಿಯುವ ಹೆಂಗಸಿಗೆ ವರ್ಷದಲ್ಲಿ ಒಂದು ದಿನ ಬೇಡವೇ?

ದಣಿವು ಆರಿಸಿಕೊಳ್ಳುವುದು ಸೋಮಾರಿತನ ಅಲ್ಲ. ಗೆಳತಿಯರ ಜೊತೆ ಕೂತು ನಕ್ಕರೆ ಮನಸ್ಸಿನ ಭಾರ ಇಳಿಯುತ್ತದೆ. ಹೊಸ ಊರು, ಹೊಸ ನೀರು ನೋಡಿದರೆ ತಿಳಿವಳಿಕೆ ಬೆಳೆಯುತ್ತದೆ. ಬಸ್ಸಿನ ಫಲಕ ಓದಿ ಹೋಗಿ ಬಂದಾಕಿ ನಾಳೆ ಬ್ಯಾಂಕಿಗೆ, ಆಸ್ಪತ್ರೆಗೆ, ಕಚೇರಿಗೆ ಅಂಜದೆ ಹೋಗುತ್ತಾಳೆ.

ಬರುವಾಗ

ಕೂತ ಜಾಗ ಬಳಿದು ಬರೋಣ. ಪ್ಲಾಸ್ಟಿಕ್ ಹಾಳೆ, ಹೊದಿಕೆ ಎಲ್ಲ ಚೀಲಕ್ಕೆ ಹಾಕೋಣ. ಗಂಗವ್ವನ ಉಡಿ ತುಂಬಿದರೆ ಅರಿಷಿಣ, ಕುಂಕುಮ, ಹೂವು ಚಿಟಿಕೆಯಷ್ಟು ಸಾಕು. ಪ್ಲಾಸ್ಟಿಕ್ ಚೀಲದ ಸಮೇತ ನೀರಿಗೆ ಬಿಟ್ಟರೆ ಅದು ಉಡಿ ಅಲ್ಲ, ಕಸ. ಸೋಪು ಹಚ್ಚಿ ಪಾತ್ರೆ ತೊಳೆಯುವುದನ್ನು ಮನೆಗೆ ಬಂದು ಮಾಡೋಣ.

ಒಂದು ದಿನವಾದರೂ ಕೆರೆಯಿಂದ ಕೊಡ ಹೊತ್ತು ಬರುವುದು ಬೇಡ. ಕೈ ಬೀಸಿಕೊಂಡು ಬರೋಣ.

ಮಾತಾಡೋಣ, ಬರೆಯೋಣ

1. ನಿಮ್ಮ ಊರಿನ ಕೆರೆಯ ಅಥವಾ ಹೊಳೆಯ ಹೆಸರು ಬರೆಯಿರಿ. ಅಲ್ಲಿ ಯಾವ ಜಾಗ ಅಪಾಯದ್ದು?
2. ಏರಿ, ತೂಬು, ಕೋಡಿ ಅಂದರೆ ಏನು? ಮಕ್ಕಳಿಗೆ ಹೇಳಿ.
3. ನಿಮ್ಮ ಸಂಘದಲ್ಲಿ ಎಷ್ಟು ಮಂದಿ ಇದ್ದೀರಿ? ವಾರಕ್ಕೆ 10 ರೂಪಾಯಿ ಕೂಡಿಸಿದರೆ 12 ವಾರಕ್ಕೆ ಎಷ್ಟು ಆಗುತ್ತದೆ?
4. ಮುಳುಗುವವರನ್ನು ಉಳಿಸಲು ಸೀರೆಯಿಂದ ಏನು ಮಾಡಬಹುದು? ಅಂಗಳದಲ್ಲಿ ಒಂದು ಸಲ ಮಾಡಿ ನೋಡಿ.
5. ನಿಮ್ಮ ಗುಂಪಿನಲ್ಲಿ ಈಜು ಬರುವವರು ಎಷ್ಟು ಮಂದಿ? ಈಜು ಬಾರದ ಹುಡುಗಿಯರ ಹೆಸರು ಬರೆಯಿರಿ. ಅವರಿಗೆ ಯಾರು ಕಲಿಸಬಹುದು?